ಹಾಡುವ ಪೆಟ್ಟಿಗೆಗೆ ಜಾಲಿಮುಳ್ಳು

ಮುರುಗಪ್ಪ ಹಾಡುವ ಪೆಟ್ಟಿಗೆಯ ತುತ್ತೂರಿಗೆ ಕುರಿಯ ಉಣ್ಣೆ ತುರುಕುತ್ತಿದ್ದ. ಎರಡು ಹಿಡಿ ಆಗಲೇ ಒಳಗೆ ಹೋಗಿತ್ತು. ಮೂರನೆಯದನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ. ಉಣ್ಣೆ ತಂದುಕೊಟ್ಟ ಕುರಿಗಾರ ಜುಂಜಯ್ಯ ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದ. ಅವನ ಮಂದೆ ಆ ವಾರ ಮುರುಗಪ್ಪನ ಮನೆಯವರ ಹೊಲದಲ್ಲಿ ಗೊಬ್ಬರಕ್ಕೆ ನಿಂತಿತ್ತು.

"ಅದಕ್ಕೆ ಚಳಿಯೇನ್ರಿ?" ಎಂದ ಜುಂಜಯ್ಯ.

"ಚಳಿ ಅಲ್ಲೋ, ಗರಗರ. ಹಾಡಿಗಿಂತ ಅದೇ ಜೋರು ಕೇಳ್ತೈತೆ. ಅಪ್ಪಯ್ಯಗೆ ಅದು ಆಗಲ್ಲ."

ಕೊಬ್ಬರಿ ಮಾರಲು ತಿಪಟೂರಿಗೆ ಹೋದ ಮುರುಗಪ್ಪ ಅಲ್ಲಿಂದ ರೈಲು ಹತ್ತಿ ಬೆಂಗಳೂರು ನೋಡಿ, ಈ ಪೆಟ್ಟಿಗೆಯನ್ನೂ ಹಾಡಿನ ಒಂದೇ ಒಂದು ತಟ್ಟೆಯನ್ನೂ ಬಾಗೂರಿಗೆ ತಂದು ಹದಿನೈದು ದಿನವಾಗಿತ್ತು. ಮೊದಲ ದಿನವೇ ಅವನ ತಂದೆ ಗಂಗಾಧರಪ್ಪನವರು, "ಹಾಡೋಳು ಒಲೆ ಮುಂದೆ ಕುಂತು ಒಗ್ಗರಣೆ ಹಾಕ್ಕೊಂತ ಹಾಡ್ತಾಳೇನಲೇ?" ಎಂದು ಕೇಳಿದ್ದರು. ಈ ದಿನ ಬೆಳಿಗ್ಗೆ ಮಾತು ಮುಗಿಸಿಯೇಬಿಟ್ಟಿದ್ದರು. "ಹೊತ್ತು ಮುಳುಗಾದ್ರಾಗೆ ಆ ಸದ್ದು ನಿಲ್ಲಬೇಕು. ಇಲ್ದಿದ್ರೆ ನಾಳೆ ಹೊಸದುರ್ಗದ ಗಾಡಿಗೆ ಏರ್ಸು. ಯಾರಾದ್ರೂ ಕಿವುಡ್ರು ತಗಂತಾರೆ." ಹೆಂಡತಿಯಾದರೂ ತನ್ನ ಪರವಾಗಿ ಒಂದು ಮಾತಾಡಿಯಾಳು ಎಂದು ಮುರುಗಪ್ಪ ಅವಳತ್ತ ನೋಡಿದ್ದ. ಸರ್ವಮಂಗಳ ಅವರೆಕಾಯಿಯ ಮೊರ ಎತ್ತಿಕೊಂಡು, "ನನಗೇನು ತಿಳೀತೈತ್ರಿ ಅದರಾಗೆ" ಎಂದು ಗಂಡನಿಗಷ್ಟೇ ಕೇಳುವ ಹಾಗೆ ಅಂದು ಅಡಿಗೆಮನೆಗೆ ಹೋಗಿಬಿಟ್ಟಿದ್ದಳು.

ಮುರುಗಪ್ಪ ಕೀಲಿ ತಿರುಗಿಸಿ ತಟ್ಟೆಯ ಮೇಲೆ ಸೂಜಿ ಇಳಿಸಿದ. ಗರಗರ ಸತ್ತಿತ್ತು. ಹಾಡೂ ಸತ್ತಿತ್ತು. ಯಾರೋ ಮೂರು ಕಂಬಳಿ ಹೊದ್ದು ಪಕ್ಕದೂರಿನಲ್ಲಿ ನರಳಿದ ಹಾಗೆ ಏನೋ ಕೇಳಿಸಿತು.

ಪಡಸಾಲೆಯ ಕಂಬಕ್ಕೆ ಒರಗಿದ್ದ ಗಂಗಾಧರಪ್ಪನವರು ಮುಚ್ಚಿದ ಕಣ್ಣು ತೆರೆಯದೆ, "ಪಾಪ, ಆಯಮ್ಮನ್ನ ಹೊರಗೆ ಬಿಡ್ರಲೇ" ಎಂದರು.

ಮುರುಗಪ್ಪ ಉಣ್ಣೆ ಕಿತ್ತು ಹಾಕಿದ. ಜುಂಜಯ್ಯ ಎದ್ದು ಬಂದು ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ನೋಡಿದ.

"ಈ ಮೊಳೆ ಏನ್ರಿ?"

"ಸೂಜಿ. ತಟ್ಟೆ ಮ್ಯಾಲಿನ ಗೀರಿನಾಗೆ ಅದು ಓಡಿದ್ರೆ ಹಾಡು ಬರ್ತೈತೆ."

"ಉಕ್ಕಿನಾಗೆ ಕೆರೆದ್ರೆ ಇನ್ನೇನು ಬಂದೀತು? ಮುಳ್ಳು ಹಾಕಿ ನೋಡ್ರಿ."

"ಬೆಂಗಳೂರಿನ ಅಂಗಡಿಯೋರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತೈತೇನೋ?"

"ಅವರು ಕುರಿ ಹಿಂದೆ ತಿರುಗಿದಾರೇನ್ರಿ?" ಎಂದು ಜುಂಜಯ್ಯ ಹಿತ್ತಿಲ ಬೇಲಿಗೆ ಹೋದ. ಜಾಲಿಮುಳ್ಳುಗಳನ್ನು ಒಂದೊಂದಾಗಿ ಮುರಿದು ಉಗುರಿನ ಮೇಲೆ ಒತ್ತಿ ನೋಡಿ, ಆರೇಳನ್ನು ಎಸೆದ. "ಹಸೀದು ಬಾಗ್ತೈತೆ. ತೀರಾ ಹಳೇದು ಪುಡಿಯಾಗ್ತೈತೆ. ಒಂದು ಬ್ಯಾಸಿಗಿ ಕಂಡಿರಬೇಕು." ಕೊನೆಗೆ ಒಂದನ್ನು ಆರಿಸಿ, ಬುಡವನ್ನು ಚಾಕುವಿನಿಂದ ಸವರಿ, ತುದಿಯನ್ನು ಮೆಟ್ಟಿಲ ಕಲ್ಲಿಗೆ ನಾಲ್ಕು ಸಲ ಉಜ್ಜಿ ಕೊಟ್ಟ. ಮುರುಗಪ್ಪ ಉಕ್ಕಿನ ಸೂಜಿ ತೆಗೆದು ಮುಳ್ಳನ್ನು ಸಿಕ್ಕಿಸಿ ತಿರುಪು ಬಿಗಿದ. ನಂಬಿಕೆಯಿಂದಲ್ಲ, ಹೊತ್ತು ಇಳಿಯುತ್ತಿತ್ತು.

ಹಾಡು ಬಂತು. ಸ್ವಲ್ಪ ಮೆತ್ತಗೆ ಬಂತು, ಆದರೆ ಒಂದೊಂದು ಮಾತೂ ಬಿಡಿಬಿಡಿಯಾಗಿ, ಪಕ್ಕದಲ್ಲೇ ಕುಳಿತು ಹಾಡಿದಂತೆ. ಗರಗರ ಎಲ್ಲಿ ಹೋಯಿತೋ. ಗಂಗಾಧರಪ್ಪನವರ ಒಂದು ಕಣ್ಣು ತೆರೆಯಿತು. ಅವರು ಕಂಬ ಬಿಟ್ಟು ಮುಂದಕ್ಕೆ ಬಾಗಿ ಕೇಳಿದರು. ಹುಬ್ಬು ಗಂಟಿಕ್ಕಿದರು.

"ಹಾಡೋರು ಎಷ್ಟು ಜನಲೇ?"

"ಒಬ್ಬಾಕೆ, ಅಪ್ಪಯ್ಯ."

"ಇಬ್ಬರಿದ್ದಾರೆ. ಸರಿಯಾಗಿ ಕೇಳು."

ಮುರುಗಪ್ಪ ತುತ್ತೂರಿಗೆ ಕಿವಿಯಿಟ್ಟ. ನಿಜ, ಹಾಡಿನ ಬೆನ್ನಿಗೇ ಇನ್ನೊಂದು ಸಣ್ಣ ದನಿ ಹತ್ತುತ್ತಿತ್ತು, ಇಳಿಯುತ್ತಿತ್ತು. ಒಂದು ಸದ್ದು ಹೋಗಿ ಇನ್ನೊಂದು ಹುಟ್ಟಿತೆಂದು ಅವನಿಗೆ ಅಳುವೇ ಬಂತು. ತಿರುಪು ಬಿಗಿದ, ತುತ್ತೂರಿಯನ್ನು ಅಲ್ಲಾಡಿಸಿದ, ಊದಿದ.

ನೂರು ಕುರಿಗಳ ನಡುವೆ ಕುಂಟು ಮರಿಯ ಕೂಗನ್ನು ಗುರುತಿಸುವ ಜುಂಜಯ್ಯ ತಲೆಯಾಡಿಸಿದ. "ಅದು ಪೆಟ್ಟಿಗೇದಲ್ಲ ಬಿಡ್ರಿ" ಎಂದು ತಟ್ಟೆಯ ಮೇಲಿಂದ ಮುಳ್ಳನ್ನು ಮೆಲ್ಲಗೆ ಎತ್ತಿಬಿಟ್ಟ.

ಪೆಟ್ಟಿಗೆ ಸುಮ್ಮನಾಯಿತು. ಅಡಿಗೆಮನೆ ಸುಮ್ಮನಾಗಲಿಲ್ಲ. ಅರ್ಧಕ್ಕೆ ನಿಂತ ಸಾಲನ್ನು ಆ ದನಿ ಎತ್ತಿಕೊಂಡು, ರಾಗದ ಕೊನೆಯ ಕೊಂಕನ್ನೂ ಬಿಡದೆ ಪೂರ್ತಿ ಮಾಡಿ, ತನ್ನೊಂದೇ ದನಿ ಕೇಳುತ್ತಿದೆ ಎಂದು ಗೊತ್ತಾಗಿ ತಟಕ್ಕನೆ ನಿಂತಿತು. ಹದಿನೈದು ದಿನದ ಗರಗರದ ಮರೆಯಲ್ಲಿ ಅವರೆಕಾಯಿಯ ಜೊತೆಗೆ ಇನ್ನೂ ಒಂದು ಕೆಲಸ ನಡೆದಿತ್ತು.

ಜುಂಜಯ್ಯ ತನ್ನ ಕಂಬಳಿಯಲ್ಲಿ ಏನೋ ಹುಡುಕತೊಡಗಿದ. ಮದುವೆಯಾಗಿ ಬಂದ ಆರು ವರ್ಷದಲ್ಲಿ "ಊಟಕ್ಕೇಳ್ರಿ" ಎಂಬುದಕ್ಕಿಂತ ಉದ್ದದ ಮಾತನ್ನು ಗಂಗಾಧರಪ್ಪನವರು ಸೊಸೆಯ ಬಾಯಲ್ಲಿ ಕೇಳಿರಲಿಲ್ಲ.

"ಒಳ್ಳೇದೇ ಆತು" ಎಂದರು ಕೊನೆಗೆ. "ಹಾಡು ಮನ್ಯಾಗೇ ಉಳೀತಲ್ಲ. ಇನ್ನು ಪೆಟ್ಟಿಗೆ ಯಾತಕ್ಕೆ? ನಾಳೆ ಗಾಡಿಗೆ ಹಾಕು."

ಮುರುಗಪ್ಪ ತುತ್ತೂರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಡಿಗೆಮನೆಯ ಬಾಗಿಲ ಹಿಂದೆ ಬಳೆ ಸದ್ದಾಯಿತು. ಸೆರಗಿನ ಅಂಚಷ್ಟೇ ಕಂಡಿತು.

"ಏನಂದ್ರೆ," ಎಂದು ಸರ್ವಮಂಗಳ ಗಂಡನಿಗೆ ಹೇಳುವವಳಂತೆ ಹೇಳಿದಳು, "ತಟ್ಟೆ ಹಿಂದ್ಲ ಮಗ್ಗಲಾಗೆ ಇನ್ನೊಂದು ಹಾಡು ಐತೆ. ಅದು ನನಗಿನ್ನೂ ಅರ್ಧನೇ ಬಂದಿರೋದು ಅಂತ ಮಾವಾರಿಗೆ ಹೇಳ್ರಿ."

ಗಂಗಾಧರಪ್ಪನವರು ಬಾಗಿಲ ಕಡೆ ನೋಡಲಿಲ್ಲ, ಮಗನ ಕಡೆಯೂ ನೋಡಲಿಲ್ಲ. ಮತ್ತೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. ಆಮೇಲೆ ತೊಡೆಯ ಮೇಲೆ ಅಂಗಾತ ಬಿದ್ದಿದ್ದ ಬಲಗೈಯನ್ನು ಮೆಲ್ಲಗೆ ಎತ್ತಿ, ಮಗನಿಗೆ ಕಾಣುವ ಹಾಗೆ, ತಟ್ಟೆಯಂತೆ ಒಮ್ಮೆ ಮಗುಚಿ ಇಟ್ಟರು.