ಗಾಳಿ ಸರಿಯಿದೆ

ಕಾರ್ಖಾನೆಯ ಅಂಗಳಕ್ಕೆ ಎಳೆದು ತಂದಿದ್ದ ವ್ಯಾನಿನ ಹಿಂದಿನ ಟೈರನ್ನು ವಾಹನ ತಪಾಸಣೆಯ ಅಧಿಕಾರಿ ಹೆಬ್ಬೆರಳಿನಿಂದ ಸವರಿದರು. ಪೂರ್ತಿ ಬೋಳು. ಒಳಗಿನ ತಂತಿ ಹೊರಗೆ ಇಣುಕುತ್ತಿತ್ತು. ಅವರಿಗೆ ಹೇಸಿಗೆಯಾಯಿತು.

ಹದಿನೈದು ಸೀಟಿನ ವ್ಯಾನು. ನಿನ್ನೆ ಛಾವಣಿಯ ಮೇಲೆ ಬಟ್ಟೆಯ ಮೂಟೆಗಳಿದ್ದವು, ಹಿಂದಿನ ಸಾಲುಗಳಲ್ಲಿ ಒತ್ತೊತ್ತಾಗಿ ಕೆಲಸಗಾರರಿದ್ದರು. ಭಾರವೆಲ್ಲ ಮೇಲೆ ಮತ್ತು ಹಿಂದೆ. ತಿರುವಿನಲ್ಲಿ ಟೈರು ಸಿಡಿದು ಪಲ್ಟಿ ಹೊಡೆದಿತ್ತು. ಬೆಲ್ಟುಗಳನ್ನು ಗಂಟು ಕಟ್ಟಿ ಸೀಟಿನಡಿ ತುರುಕಿದ್ದರು. ಇಬ್ಬರು ಹೆಂಗಸರು ಸತ್ತಿದ್ದರು.

ಕಚೇರಿಯ ಬೆಂಚಿನ ಮೇಲೆ ಡ್ರೈವರ್ ಕುಳಿತಿದ್ದ. ಕೈಗೆ ಬ್ಯಾಂಡೇಜು, ಪಕ್ಕದಲ್ಲಿ ಪೊಲೀಸ್. ತಪ್ಪು ಅವನದೇ ಎಂದು ಅಧಿಕಾರಿ ಬರೆದರೆ ಸಂಜೆಗೇ ಜೈಲು.

"ಟೈರ್ ಬದಲಾಯಿಸಿ ಅಂತ ಮೂರು ಸಲ ಹೇಳಿದೆ ಸಾರ್. ಮೂಟೆ ಇಳಿಸದೆ ಗಾಡಿ ತೆಗೆಯಲ್ಲ ಅಂದೆ. ಹಾಗಾದ್ರೆ ಮನೆಗೆ ಹೋಗು ಅಂದ್ರು."

ಮ್ಯಾನೇಜರ್ ಟೀ ಲೋಟವನ್ನು ಮುಂದೆ ಸರಿಸಿದ. "ಯಾವತ್ತೂ ಒಂದನೇ ತಾರೀಕು ಬರೋರು ನೀವು. ಈ ತಿಂಗಳು ಎರಡು ಸಲ ದರ್ಶನ ಆಯ್ತು. ದಿನಾ ಗಾಳಿ, ಬೆಲ್ಟು, ಭಾರ ನೋಡಿ ಇವನೇ ರುಜು ಹಾಕ್ತಾನೆ ಸಾರ್. ಪುಸ್ತಕ ಇಲ್ಲೇ ಇದೆ."

"ಆ ಪುಸ್ತಕ ನಾನು ಕಣ್ಣಲ್ಲೂ ನೋಡಿಲ್ಲ," ಎಂದ ಡ್ರೈವರ್.

ಅಧಿಕಾರಿ ಪುಟ ತೆರೆದರು. ಒಂದನೇ ತಾರೀಕು: ಗಾಳಿ ಸರಿಯಿದೆ. ಎರಡು: ಗಾಳಿ ಸರಿಯಿದೆ. ಹನ್ನೆರಡಕ್ಕೆ ವ್ಯಾನು ಮಗುಚಿತ್ತು. ಹದಿಮೂರು, ಅಂದರೆ ಇವತ್ತು: ಗಾಳಿ ಸರಿಯಿದೆ. ಹದಿನಾಲ್ಕಕ್ಕೂ ಸರಿಯಿದೆ, ಮೂವತ್ತಕ್ಕೂ ಸರಿಯಿದೆ. ಎಲ್ಲ ಒಂದೇ ಪೆನ್ನು, ಒಂದೇ ಕೈ. ಗಾಡಿ ನಜ್ಜುಗುಜ್ಜಾಗಿ ಅಂಗಳದಲ್ಲಿ ಬಿದ್ದಿದ್ದರೂ ಗಾಳಿ ಮಾತ್ರ ತಿಂಗಳ ಕೊನೆಯವರೆಗೆ ಸರಿಯಿದೆಯಂತೆ. ಅಧಿಕಾರಿ ತೆರೆದ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು.

"ಥೂ, ನಾಚಿಕೆ ಆಗಲ್ವಾ ನಿಮಗೆ? ಎರಡು ಜೀವ ಹೋಗಿದೆ. ಇವನನ್ನ ಬಿಡಿಸೋಕೆ ಈ ಒಂದು ಪುಟ ಸಾಕು."

ಡ್ರೈವರ್ ಮೊದಲ ಸಲ ತಲೆಯೆತ್ತಿದ.

"ಸಾಕು ಸಾರ್, ನಿಜ," ಎಂದ ಮ್ಯಾನೇಜರ್, ಕಿಂಚಿತ್ತೂ ಅಳುಕದೆ. "ಪುಟದ ಕೆಳಗಡೇನೂ ಒಂದು ಸಲ ನೋಡಿಬಿಡಿ."

ಕೆಳಗೆ ಅಚ್ಚಾದ ಸಾಲು: 'ಮೇಲಿನ ಎಲ್ಲ ದಿನಗಳ ತಪಾಸಣೆಯನ್ನು ಖುದ್ದಾಗಿ ಪರಿಶೀಲಿಸಿದ್ದೇನೆ.' ಅದರಡಿ ಅಧಿಕಾರಿಯದೇ ರುಜು, ಅವರದೇ ಮೊಹರು. ತಾರೀಕು, ಇದೇ ತಿಂಗಳ ಒಂದು.

ಅಧಿಕಾರಿ ಟೀ ಕುಡಿದು ಮುಗಿಸಿದರು. ಆ ಪುಟವನ್ನು ಹರಿದು ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ವರದಿಯ ಹಾಳೆ ಎಳೆದುಕೊಂಡು ಬರೆದರು: 'ಅಪಘಾತಕ್ಕೆ ಡ್ರೈವರನ ಅಜಾಗರೂಕತೆಯೇ ಕಾರಣ.'