ಟಕರ್‌ನ ಗೋಡೆಯ ಕೊನೆಯ ಗೀಟು

ಡಾಕ್ಟರ್ ಪೆಲ್ ಸ್ಟೆತಾಸ್ಕೋಪನ್ನು ಕಿವಿಗೆ ಹಾಕಿಕೊಂಡೇ ಇರಲಿಲ್ಲ.

ಕ್ಲಿನಿಕ್ಕಿನ ಮೆಟ್ಟಿಲು ಇಳಿಯುವಾಗ ಹಾರ್ಲನ್‌ಗೆ ಇದು ಹೊಳೆಯಿತು. ಸ್ಟೆತಾಸ್ಕೋಪು ಪೆಲ್‌ನ ಕತ್ತಿನಲ್ಲೇ ನೇತಾಡುತ್ತಿತ್ತು. ಅದರ ಬಿಲ್ಲೆಯನ್ನು ಹಾರ್ಲನ್‌ನ ಎದೆಗೆ ಒತ್ತಿ, ಕಣ್ಣು ಮುಚ್ಚಿ, ಗಂಭೀರವಾಗಿ ತಲೆಯಾಡಿಸಿ, "ಬೆಟ್ಟ ಹತ್ತೋ ಸೈಕಲ್ಲು ಇನ್ನು ಬೇಡ. ಹಳ್ಳದ ದಡದಲ್ಲಿ ನಿಧಾನಕ್ಕೆ ನಡೀರಿ" ಎಂದಿದ್ದ. ಆಮೇಲೆ ಹಾರ್ಲನ್‌ನ ಹೆಂಡತಿ ಡೋರೀನ್ ಕಡೆ ತಿರುಗಿ, "ಸಾಕಲ್ವಾ?" ಎಂದಿದ್ದ. ಡೋರೀನ್ ಕಣ್ಣೊರೆಸಿಕೊಂಡಿದ್ದಳು.

ಹಾರ್ಲನ್‌ನ ಹೃದಯ ಮೊದಲು ಹೇಗಿತ್ತೋ ಏನೋ, ಆವತ್ತು ಒಡೆದದ್ದಂತೂ ನಿಜ.

ಆರು ವರ್ಷದಿಂದ ಅವನು ಒಂದು ಸೈಕಲ್ಲಿಗಾಗಿ ಕಾದಿದ್ದ. ಕೊಲರಾಡೊದ ಆ ಬೆಟ್ಟದೂರಿನ ಅಂಚಿನಲ್ಲಿ, ಹಳೆಯ ಕುದುರೆ ಲಾಯವೊಂದರಲ್ಲಿ ಕೂತು ಟಕರ್ ಎಂಬ ಮುದುಕ ಟೈಟಾನಿಯಂ ಕೊಳವೆಗಳನ್ನು ವೆಲ್ಡ್ ಮಾಡಿ, ಒಬ್ಬೊಬ್ಬರ ಮೈಯಳತೆಗೆ ಒಂದೊಂದು ಬೆಟ್ಟದ ಸೈಕಲ್ ಕಟ್ಟುತ್ತಿದ್ದ. ಗೇರುಗಳೆಲ್ಲ ಹಿಂದಿನ ಚಕ್ರದ ನಡುವಿನ ಡಬ್ಬಿಯೊಳಗೆ. ಚೈನಿನ ಬದಲು ಬೆಲ್ಟು. ಎಣ್ಣೆಯಿಲ್ಲ, ಕಟಕಟ ಇಲ್ಲ, ಪಿಸುಮಾತಿನಷ್ಟೂ ಸದ್ದಿಲ್ಲ.

ಹಾರ್ಲನ್‌ಗೆ ಬೇಕಿದ್ದದ್ದೂ ಅದೇ. ಅವನ ಚೈನಿನ ಸದ್ದು ಕೇಳಿದೊಡನೆ ದಿಣ್ಣೆಯ ಮೇಲಿನ ಎಲ್ಕ್ ಜಿಂಕೆಗಳು ಪರಾರಿಯಾಗುತ್ತಿದ್ದವು. ಜೀವಮಾನವಿಡೀ ಅವನು ಕಂಡದ್ದು ಅವುಗಳ ಹಿಂಭಾಗವನ್ನು ಮಾತ್ರ. ಸಾಯುವುದರೊಳಗೆ ಒಂದಾದರೂ ಎಲ್ಕಿನ ಮುಖವನ್ನು ಹತ್ತಿರದಿಂದ ನೋಡಬೇಕೆಂದು ಅವನಿಗೆ ಆಸೆ.

ಟಕರ್ ಸರದಿಯನ್ನು ಕಾಗದದಲ್ಲಿ ಬರೆಯುವವನಲ್ಲ. ಬಂದವರನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ, ತೊಡೆಸಂದಿಗೆ ದಪ್ಪನೆಯ ಬೈಬಲ್ ಸಿಕ್ಕಿಸಿ, ಅದರ ಮೇಲಂಚಿಗೆ ಪೆನ್ಸಿಲಿನಿಂದ ಗೀಟೆಳೆಯುತ್ತಿದ್ದ. ಕಾಲಿನ ಅಳತೆಯೂ ಅದೇ, ಸರದಿಯೂ ಅದೇ. ಯಾವ ಗೀಟು ಯಾರದೆಂದು ಬಾಯಿ ಬಿಡುತ್ತಿರಲಿಲ್ಲ. ಹಿಂದೊಮ್ಮೆ ಸರದಿಗಾಗಿ ಇಬ್ಬರು ಪಾದ್ರಿಗಳು ಅವನ ಅಂಗಳದಲ್ಲೇ ಹೊಡೆದಾಡಿದ ಮೇಲೆ ಮಾಡಿಕೊಂಡ ನಿಯಮ ಅದು.

ಹಾರ್ಲನ್ ಗೀಟು ಎಳೆಸಿಕೊಂಡ ದಿನ ಡೋರೀನ್ ಮೂಲೆಯಲ್ಲಿ ಆಕಳಿಸುತ್ತ ನಿಂತಿದ್ದಳು. ಹೊರಗೆ ಬಂದ ಮೇಲೆ ಕೈಗವಸು ಮರೆತೆನೆಂದು ಮತ್ತೆ ಒಳಗೆ ಹೋಗಿ, ಸಾಕಷ್ಟು ಹೊತ್ತು ಹುಡುಕಿ ಬಂದಿದ್ದಳು.

ಈ ವಸಂತದಲ್ಲಿ ಟಕರ್ ಹೇಳಿಕಳಿಸಿದ. ಕಣ್ಣು ಮಂಜಾಗಿದೆ, ಇನ್ನು ಒಂದೇ ಒಂದು ಸೈಕಲ್ ಕಟ್ಟಿ ಬಾಗಿಲು ಹಾಕುತ್ತೇನೆ, ಆ ಒಂದು ನಿನ್ನದು. ಹಾರ್ಲನ್ ಅಡುಗೆಮನೆಯಲ್ಲೇ ಕುಣಿದಾಡಿದ. ಅದೇ ವಾರ ಡೋರೀನ್, "ಯಾಕೋ ನಿನ್ನ ಮುಖದ ಬಣ್ಣ ಸರಿಯಿಲ್ಲ" ಎಂದು ಅವನನ್ನು ತನ್ನ ಶಾಲೆಯ ಗೆಳೆಯ ಪೆಲ್ ಬಳಿಗೆ ಎಳೆದೊಯ್ದಳು.

ಆ ರಾತ್ರಿ ಊಟಕ್ಕೆ ಎಂದಿನ ಖಾರದ ರೊಟ್ಟಿಸುರುಳಿ ಬರಿಟೊ ಇರಲಿಲ್ಲ. ಉಪ್ಪಿಲ್ಲದ ಓಟ್ಸ್ ಗಂಜಿ ಇತ್ತು.

"ಪೆಲ್ ಅದನ್ನ ಕಿವಿಗೆ ಹಾಕ್ಕೊಂಡೇ ಇರ್ಲಿಲ್ಲ ಕಣೆ," ಎಂದ ಹಾರ್ಲನ್.

"ಅಷ್ಟು ಪಳಗಿದೋನು ಅವನು. ಕೈಯಲ್ಲೇ ಗೊತ್ತಾಗತ್ತೆ."

"ಏನೂ ಅಲ್ಲ. ಆ ಕಳ್ಳ ಸರದೀಲಿ ನನ್ನ ಹಿಂದೇನೇ ಇರ್ಬೇಕು. ನಾನು ಬಿಟ್ರೆ ಸೈಕಲ್ಲು ಅವನಿಗೆ!"

ಡೋರೀನ್‌ಳ ಚಮಚ ಅಲ್ಲೇ ನಿಂತಿತು. "ಛೀ! ಒಂದು ಸೈಕಲ್ಲಿಗೋಸ್ಕರ ಯಾರಾದ್ರೂ ಹಂಗೆ ಮಾಡ್ತಾರಾ?" ಅವಳ ಕಣ್ಣು ತುಂಬಿತು. "ನೀನು ಆ ಸೈಕಲ್ ಮೇಲೆ ಕೂತಿರೋದನ್ನ ನೆನೆಸ್ಕೊಂಡ್ರೆ ಸಾಕು, ನಂಗೆ ಹೊಟ್ಟೆ ಉರಿಯತ್ತೆ ಹಾರ್ಲನ್."

ಅವಳ ಅಳುವಿನ ಮುಂದೆ ಹಾರ್ಲನ್‌ನ ಹಟ ಎಂದೂ ನಿಂತದ್ದಿಲ್ಲ. ಅವನು ತಲೆ ತಗ್ಗಿಸಿದ. ತಗ್ಗಿಸಿದಾಗ ಅಡುಗೆಮನೆಯ ಗೋಡೆಯ ಕೆಳಗಡೆ ಹೊಸದೊಂದು ಪೆನ್ಸಿಲ್ ಗೀಟು ಕಂಡಿತು.

"ಇದೇನು?"

"ಶೆಲ್ಫು ಹೊಡೆಸ್ಬೇಕು," ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಬೆಳಿಗ್ಗೆ ಡೋರೀನ್‌ಳೇ ಪಿಕಪ್ ಓಡಿಸಿದಳು. ಸ್ಟೀರಿಂಗ್ ತಿರುಗಿಸಿದರೂ ಅವನ ಎದೆಗೆ ಆಯಾಸವಂತೆ. ಲಾಯದ ಮುಂದೆ ನಿಲ್ಲಿಸಿ, "ನಾನು ಒಳಗೆ ಬರಲ್ಲಪ್ಪ. ನಂಗೆ ನೋಡಕ್ಕಾಗಲ್ಲ" ಎಂದಳು.

ಗೋಡೆಯ ಮೇಲೆ ಉಳಿದಿದ್ದದ್ದು ಎರಡೇ ಗೀಟು. ಒಂದು ಹಾರ್ಲನ್‌ನದು. ಪಕ್ಕದ್ದು ಅದಕ್ಕಿಂತ ಒಂದು ಗೇಣು ಕೆಳಗಿತ್ತು. ಹಾರ್ಲನ್ ಬೆಪ್ಪಾಗಿ ನಿಂತ. ಪೆಲ್ ದೀಪದ ಕಂಬದಷ್ಟು ಉದ್ದದ ಆಸಾಮಿ. ಈ ಗೀಟು ಅವನ ಮೊಣಕಾಲಿಗೂ ಸಾಲದು. ಪಾಪ, ಒಳ್ಳೆಯ ಡಾಕ್ಟರನ್ನು ಅನುಮಾನಿಸಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ನಂಗೆ ಬೇಡ ಟಕರ್. ಎದೆ ಸರಿಯಿಲ್ಲವಂತೆ."

ಟಕರ್ ಅವನನ್ನು ದಿಟ್ಟಿಸಿದ. "ಯಾರಂದ್ರು?"

"ಡಾಕ್ಟ್ರು. ಇರ್ಲಿ ಬಿಡು. ಮುಂದಿನ ಗೀಟಿನೋರು ಎಂಥ ಜನ?"

"ಪ್ರತಿ ವಾರ ಫೋನ್ ಮಾಡ್ತಾರೆ. ಮುಂದಿರೋರು ಇನ್ನೂ ಗಟ್ಟಿಮುಟ್ಟಾಗಿದಾರಾ ಅಂತ ವಿಚಾರಿಸ್ತಾರೆ."

"ಪುಣ್ಯಾತ್ಮರು," ಎಂದ ಹಾರ್ಲನ್. ಗುರುತೇ ಇಲ್ಲದ ಯಾರೋ ತನ್ನ ಆರೋಗ್ಯ ಕೇಳುತ್ತಿದ್ದರಲ್ಲ. "ಅವರಿಗೆ ಒಂದು ಮಾತು ಹೇಳು. ಬೆಳಗಿನ ಜಾವ ಎಲ್ಕ್‌ಗಳು ಉತ್ತರದ ದಿಣ್ಣೆಗೆ ಬರ್ತವೆ. ನನ್ನ ಪರವಾಗಿ ಒಂದ್ಸಲ ಅವುಗಳ ಮುಖ ನೋಡ್ಲಿ."

ಬಿಟ್ಟುಕೊಡುವವರು ತಮ್ಮ ಗೀಟನ್ನು ತಾವೇ ಅಳಿಸಬೇಕು. ಹಾರ್ಲನ್ ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಂಡು ಆರು ವರ್ಷದ ಆಸೆಯನ್ನು ಒಂದೇ ಸಲಕ್ಕೆ ಒರೆಸಿದ. ಕಣ್ಣೀರು ತಡೆಯಲಾಗಲಿಲ್ಲ.

ಟಕರ್ ಒಮ್ಮೆ ಕಿಟಕಿಯಾಚೆ ನೋಡಿದ, ಒಮ್ಮೆ ಹಾರ್ಲನ್‌ನನ್ನು ನೋಡಿದ, ಕೆಮ್ಮಿದ. ನಿಯಮ ನಿಯಮವೇ. ಗೋಡೆಯ ಹಳೆಯ ಫೋನನ್ನು ಕೈಗೆತ್ತಿಕೊಂಡು ಬಾಯಿಪಾಠವಾಗಿದ್ದ ನಂಬರು ಒತ್ತಿದ.

ಹೊರಗೆ, ಹಾರ್ಲನ್‌ನದೇ ಪಿಕಪ್ಪಿನೊಳಗೆ ಫೋನು ರಿಂಗಾಯಿತು. ಡೋರೀನ್ ಅದನ್ನು ಎರಡನೇ ಸಲ ರಿಂಗಾಗಲು ಬಿಡಲಿಲ್ಲ.