ನೆರಳಿನ ನೀಲಿ ಎಲೆ

ಬಾಗಿಲು ಸರಿಸುತ್ತಲೇ ಒಲೆಯ ವಾಸನೆ ಮೂಗಿಗೆ ಬಡಿಯಿತು. ಮಿಸಾವೊ ಚೀಲವನ್ನು ಅಲ್ಲೇ ಬಿಸಾಕಿ, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಓಡಿದಳು. ಅತ್ತೆ ತೊಕಿಗೆ ಮರೆವು ಶುರುವಾದ ಮೇಲೆ ಅವಳನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಪುಣ್ಯಕ್ಕೆ ಬೆಂಕಿ ಆರಿತ್ತು. ಮುದುಕಿ ಮೇಜಿನ ಮುಂದೆ ಜಂಬದಿಂದ ಕೂತಿದ್ದಳು.

"ಬಾ, ಕೂತ್ಕೊ. ಉರುಯಿ ಸೊಪ್ಪು ಬೇಯಿಸಿ, ಮಿಸೊದ ಹುಳಿ ಗೊಜ್ಜಲ್ಲಿ ಕಲಸಿದೀನಿ."

ವಸಂತ ಬಂತೆಂದರೆ ಈ ಊರಿನವರೆಲ್ಲ ಬೆಟ್ಟದಿಂದ ಉರುಯಿ ತರುವವರೇ. ಆದರೆ ತೊಕಿ ಅಂಗಳ ದಾಟಿ ಎಷ್ಟೋ ಕಾಲವಾಗಿತ್ತು.

"ಎಲ್ಲಿ ಸಿಕ್ತು ಅತ್ತೆ?"

"ಇಲ್ಲೇ, ಬಚ್ಚಲ ಹಿಂದೆ, ಮರದ ನೆರಳಲ್ಲಿ. ಪುಟಾಣಿ ಗಿಡ. ಎಲೆಗೆಲ್ಲ ಅದೇನೋ ಬೂದಿ ಮೆತ್ಕೊಂಡಿತ್ತು ಕಣೇ. ಉಜ್ಜಿ ಉಜ್ಜಿ ತೊಳೆದ ಮೇಲೆ ಹಸಿರಾಯ್ತು ನೋಡು."

ಮಿಸಾವೊ ಕೂತು ಬಟ್ಟಲಿಗೆ ಬಗ್ಗಿ ನೋಡಿದಳು. ಎಲೆಯ ಮೇಲಿನ ಮೇಣದಂಥ ಆ ಬೂದಿಯೇ ಅದರ ನೀಲಿ. ಉರುಯಿಯ ಜಾತಿಯದೇ ಆದರೂ ಅದು ಅವಳು ಬೀಜ ಹಾಕಿ ಬೆಳೆಸಿದ ನೀಲಿ ಎಲೆಯ ಹೋಸ್ಟಾ, ಅಂದಕ್ಕೆ ಬೆಳೆಸುವ ಗಿಡ. ಬೆರಳು ತಾಕಿದರೂ ಬಣ್ಣ ಅಳಿಸುತ್ತದೆಂದು ಇಷ್ಟು ವರ್ಷ ಬುಡಕ್ಕಷ್ಟೇ ನೀರು ಹನಿಸಿದ್ದಳು. ಭಾನುವಾರ ಪೇಟೆಯಲ್ಲಿ ಗಿಡಗಳ ಪ್ರದರ್ಶನ. ಗೋಗರೆದ ಮೇಲೆ ಗಂಡ ಅವತ್ತೊಂದು ದಿನ ಅಮ್ಮನನ್ನು ನೋಡಿಕೊಳ್ಳಲು ಒಪ್ಪಿದ್ದ. ಈಗ ಗಿಡವೂ ಇಲ್ಲ, ಮನೆಯಿಂದಾಚೆ ಹೋಗಲು ನೆಪವೂ ಇಲ್ಲ. ಬುಡದಿಂದ ಮತ್ತೆ ಚಿಗುರೀತು, ಆದರೆ ಆ ನೀಲಿ ಇನ್ನು ಬರುವ ವರ್ಷವೇ. ಅಳು ಬರಲಿಲ್ಲ. ಅಳುವುದಕ್ಕೂ ತ್ರಾಣ ಬೇಕಲ್ಲ.

"ಯಾಕೆ ಕಿತ್ರಿ ಅತ್ತೆ?" ಎಂದಳು, ಸುಮ್ಮನೆ.

"ನಾನೇನು ಕುರುಡೀನಾ? ದಿನಾ ಬೆಳಗಾದ್ರೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡ್ತಿರ್ತೀಯ. ತಿನ್ನೋ ಆಸೆ, ಬಾಯಿಬಿಟ್ಟು ಕೇಳೋಕೆ ಸಂಕೋಚ. ಹೊಸ ಸೊಸೆ ಅಲ್ವಾ!"

ಹೊಸ ಸೊಸೆಗೆ ಮೊಮ್ಮಗ ಹುಟ್ಟಿಯಾಗಿತ್ತು. ಅವಳಿಗೇನು ಬೇಕೆಂದು ಈ ಮನೆಯಲ್ಲಿ ಇಷ್ಟಾದರೂ ಗಮನಿಸಿದವರು ಇವತ್ತೇ ಮೊದಲು. ಮಿಸಾವೊ ಊಟದ ಕಡ್ಡಿಗಳನ್ನೆತ್ತಿ ಒಂದೆಲೆ ಬಾಯಿಗಿಟ್ಟಳು. ಮೆತ್ತಗಿತ್ತು, ಕೊನೆಯಲ್ಲಿ ಚೂರು ಕಹಿ.

"ಚೆನ್ನಾಗಿದೆ ಅತ್ತೆ."

ತೊಕಿ ಬಟ್ಟಲನ್ನು ಪೂರ್ತಿ ಅವಳತ್ತ ನೂಕಿದಳು. ಬಾಗಿಲ ಕಡೆ ಅಳುಕಿನಿಂದ ನೋಡಿ ದನಿ ತಗ್ಗಿಸಿದಳು.

"ಬೇಗ ಮುಗಿಸು. ನಮ್ಮತ್ತೆ ಬಂದುಬಿಟ್ರೆ ನಮ್ಮಿಬ್ಬರ ಗ್ರಹಚಾರ ಬಿಡಿಸ್ತಾಳೆ."